ಬರೆಯುವ ಹೆಸರು, ಕರೆಯುವ ಹೆಸರು

ನನ್ನ ಹೊಟ್ಟೆಕಿಚ್ಚಿಗೆ ಒಂದು ಹೆಸರಿದೆ: ಶೈಲಜಾ. ಚಿಕ್ಕಪ್ಪನ ಮಗಳು, ನನಗಿಂತ ಕೆಲವು ತಿಂಗಳಿಗೆ ಚಿಕ್ಕವಳು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಹುಟ್ಟಿ ಬೆಳೆದು ಅಲ್ಲಿನ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದವಳನ್ನು ಒಂದು ವರ್ಷದ ಮಟ್ಟಿಗೆ ಸಿರುಗುಪ್ಪದ ನಮ್ಮ ಮನೆಗೆ ತಂದು ಬಿಟ್ಟರು. ಚಿಕ್ಕಪ್ಪನಿಗೆ ರೈಲ್ವೆಯಲ್ಲಿ ದೂರದ ಊರಿಗೆ ವರ್ಗವಾಗಿತ್ತು. ಬಸುರಿಯಾಗಿದ್ದ ಚಿಕ್ಕಮ್ಮ ಆದೋನಿಯ ತವರಿಗೆ ಹೋಗಿದ್ದಳು. ಶೈಲಜಾಳ ಜೊತೆ ಬಂದದ್ದು ಒಂದು ಟ್ರಂಕು, ಬಕಲಿನ ಬೂಟು ಮತ್ತು ಇಂಗ್ಲಿಷು. ಟ್ರಂಕನ್ನು ಅಮ್ಮ ಪಡಸಾಲೆಯ ಮೂಲೆಗೆ ಸರಿಸಿದಳು, ಬೂಟನ್ನು ಬಾಗಿಲ ಮರೆಗೆ ಇಟ್ಟಳು. ಇಂಗ್ಲಿಷನ್ನು ಎಲ್ಲಿ ಇಡಬೇಕೋ ಯಾರಿಗೂ ತಿಳಿಯದೆ ಅದು ಮನೆ ತುಂಬ ಓಡಾಡತೊಡಗಿತು.

ನಮ್ಮದು ಅಕ್ಕಿ ಮಿಲ್ಲುಗಳ ಪಕ್ಕದ ಓಣಿ. ಭತ್ತ ಬರುವ ಕಾಲಕ್ಕೆ ಹೊಟ್ಟಿನ ಧೂಳು ಕಿಟಕಿಯ ಸರಳಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚಳ ಮರೆತರೆ ಮೊಸರಿನ ಮೇಲೂ ಕೂಡುತ್ತಿತ್ತು. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರಾಚೆ ಅಡುಗೆಮನೆ, ಹಿಂದೆ ಹಿತ್ತಲು. ಅಡುಗೆಮನೆಯ ಗೋಡೆಯಲ್ಲಿ ಒಂದು ಗೂಡಿತ್ತು. ಅದರಲ್ಲಿ ಅಜ್ಜಿಯ ಹಿತ್ತಾಳೆ ಚರಿಗೆ, ಅವಳು ನೀರು ಕುಡಿಯುತ್ತಿದ್ದ ತಂಬಿಗೆ. ಅಪ್ಪನ ತಾಯಿಯಾದ ಆ ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ತೀರಿಕೊಂಡರೂ ಯಜಮಾನಿಕೆ ಬಿಟ್ಟಿರಲಿಲ್ಲ. ದಿನವೂ ಹಂಚಿನಿಂದ ಇಳಿದ ಮೊದಲ ರೊಟ್ಟಿ ಅವಳ ಎಡೆಯೆಂದು ಆ ಗೂಡಿಗೆ ಹೋಗುತ್ತಿತ್ತು. ಉಳಿದವರ ಊಟ ಎರಡನೆಯ ರೊಟ್ಟಿಯಿಂದ ಶುರುವಾಗುತ್ತಿತ್ತು.

ಆ ಅಜ್ಜಿಯ ಹೆಸರು ಪಾರ್ವತಿ. ನನ್ನ ಹೆಸರೂ ಪಾರ್ವತಿ. ಅದೇ ನನ್ನ ಗೋಳು. ನಮ್ಮ ಮನೆಯಲ್ಲಿ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಂದ ಆಡುವಂತಿರಲಿಲ್ಲ, ಅತ್ತೆ ಇದ್ದರೂ ಸರಿ, ಹೋದರೂ ಸರಿ. ಹಾಗಾಗಿ ನನ್ನನ್ನು ಹೆತ್ತ ಅಮ್ಮನ ಬಾಯಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಅವಳು ನನ್ನನ್ನು ಅಮ್ಮಾಯಿ ಎನ್ನುತ್ತಿದ್ದಳು. ತೆಲುಗಿನಲ್ಲಿ ಹಾಗೆಂದರೆ ಹುಡುಗಿ, ಅಷ್ಟೆ. ಅವಳು ಕಟ್ಟೆಗೆ ಬಂದು ಅಮ್ಮಾಯಿ ಎಂದು ಕರೆದರೆ ಓಣಿಯಲ್ಲಿ ಆಡುತ್ತಿದ್ದ ಹುಡುಗಿಯರೆಲ್ಲ ತಿರುಗಿ ನೋಡುತ್ತಿದ್ದರು. ಅಪ್ಪ ನನ್ನನ್ನು ಅವ್ವಾ ಎನ್ನುತ್ತಿದ್ದ, ತನ್ನ ತಾಯಿಯೇ ತಿರುಗಿ ಬಂದಳೆಂಬ ಭಾವದಲ್ಲಿ. ಪಾರ್ವತಿ ಎಂಬುದು ಶಾಲೆಯಲ್ಲಿ ಮಾತ್ರ ಚಾಲ್ತಿಯಲ್ಲಿತ್ತು. ಮನೆಗೆ ಬಂದೊಡನೆ ಅದನ್ನು ಚಪ್ಪಲಿಯ ಜೊತೆ ಹೊರಗೇ ಬಿಡಬೇಕು. ಶೈಲಜಾ ಬರುವವರೆಗೆ ಇದು ನನಗೆ ಕೊರತೆ ಎನ್ನಿಸಿರಲಿಲ್ಲ. ಅವಳು ಬಂದ ಮೇಲೆ ಅಮ್ಮ ಅವಳನ್ನು ಬಾಯಿ ತುಂಬ ಕರೆಯುವುದು ಕೇಳಿಸತೊಡಗಿತು. ಶೈಲಜಾ, ತಲಿ ಬಾಚತೀನಿ ಬಾ. ಶೈಲಜಾ, ಹಾಲು ಆರತೈತಿ. ಬೈಯುವಾಗಲೂ ಶೈಲಜಾ. ನನಗೆ ಬೈಯಬೇಕಾದರೆ ಅತ್ತೆಯ ಹೆಸರಿನವಳೆಂದು ಅಮ್ಮ ದನಿ ತಗ್ಗಿಸುತ್ತಿದ್ದಳು. ಜೋರಾಗಿ ಬೈಸಿಕೊಳ್ಳುವ ಭಾಗ್ಯವೂ ನನ್ನ ಪಾಲಿಗೆ ಇರಲಿಲ್ಲ. ನನಗೆ ಹೊಟ್ಟೆ ಉರಿಯಿತು, ಚೆನ್ನಾಗಿಯೇ ಉರಿಯಿತು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಅವಳು ಅಪ್ಪನನ್ನೂ ಬಿಡಲಿಲ್ಲ. ಅಪ್ಪ ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಓದಿದ್ದು ಕಡಿಮೆ, ಇಂಗ್ಲಿಷಿನ ಹುಚ್ಚು ಬಹಳ. ಮಾಲೀಕರು ಓದಿ ಬಿಟ್ಟ ಇಂಗ್ಲಿಷ್ ಪೇಪರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಸಂಜೆ ಮನೆಗೆ ಬರುತ್ತಿದ್ದ. ಅಮ್ಮ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಹೊತ್ತೇ ನಮ್ಮ ಪಾಠದ ಹೊತ್ತು. ಅಪ್ಪ ಪೇಪರಿನಿಂದ ಪದ ಹೇಳುತ್ತಿದ್ದ, ನಾನು ಅಕ್ಷರ ಒಪ್ಪಿಸುತ್ತಿದ್ದೆ. ಸರಿ ಒಪ್ಪಿಸಿದರೆ ಎರಡನೆಯ ರೊಟ್ಟಿ ನನಗೆ, ಮೇಲೆ ಬೆಣ್ಣೆ, ಪಕ್ಕದಲ್ಲಿ ಶೇಂಗಾ ಚಟ್ನಿ. ಅಪ್ಪನ ವಿದ್ಯೆ ಸರಳವಾಗಿತ್ತು. ಕನ್ನಡವನ್ನು ಬರೆದ ಹಾಗೆ ಓದುತ್ತೇವಲ್ಲ, ಇಂಗ್ಲಿಷನ್ನೂ ಹಾಗೇ ಓದಿಬಿಡುವುದು. ಹೀಗಾಗಿ ಚಾಕುವಿಗೆ ನಮ್ಮ ಮನೆಯಲ್ಲಿ ಕ್ನಿಫೆ ಎಂದು ಹೆಸರು. ರಾತ್ರಿ ಎಂದರೆ ನಿಘ್ಟ್. ದ್ವೀಪ ಎಂದರೆ ಇಸ್ಲ್ಯಾಂಡ್. ಹೆಸರು ಎಂದರೆ ನಾಮೆ. ಹಾಗೆ ಬಾಯಿಪಾಠ ಮಾಡಿದವರಿಗೆ ಒಂದಕ್ಷರವೂ ತಪ್ಪುವುದಿಲ್ಲ. ಕ್ಲಾಸಿನಲ್ಲಿ ಯಾರು ಏನೇ ತಪ್ಪು ಬರೆದರೂ ನನ್ನ ಹಾಳೆಯ ಮೇಲೆ ಕೆಂಪು ಶಾಯಿ ಬೀಳುತ್ತಿರಲಿಲ್ಲ. ಆ ಎರಡನೆಯ ರೊಟ್ಟಿಗೆ ಬೇರೆ ವಾರಸುದಾರರೇ ಇರಲಿಲ್ಲ.

ಶೈಲಜಾ ಬಂದ ದಿನ ಸಂಜೆ ಅಪ್ಪ ಹುಮ್ಮಸ್ಸಿನಿಂದ ಕ್ನಿಫೆ ಎಂದ. ನಾನು ಕೆ ಎಂದು ಶುರು ಮಾಡುವುದರೊಳಗೆ ಅವಳು ನಗತೊಡಗಿದಳು. ಕೆಮ್ಮು ಬರುವವರೆಗೂ ನಕ್ಕಳು. ಅಮ್ಮ ಅವಳ ನೆತ್ತಿ ತಟ್ಟಬೇಕಾಯಿತು.

"ದೊಡ್ಡಪ್ಪಾ, ಅದು ನೈಫ್. ಕೆ ಸೈಲೆಂಟು."

ಅಪ್ಪ ಸಿಟ್ಟಾಗಲಿ ಎಂದು ನಾನು ಕಾದೆ. ಅವನು ಪೇಪರು ಮಡಚಿ ಪೂರ್ತಿ ಅವಳ ಕಡೆ ತಿರುಗಿ ಕೂತ.

"ಸೈಲೆಂಟಂದ್ರ? ಬಾಯಾಗ ಬರದಿದ್ರ ಬರಿಯಾದು ಯಾಕವಾ?"

"ಗೊತ್ತಿಲ್ಲ ದೊಡ್ಡಪ್ಪ. ನಮ್ ಮಿಸ್ಸು ಹೇಳಿಲ್ಲ."

ಗೊತ್ತಿಲ್ಲ ಎಂದವಳಿಗೇ ಅಂದು ಎರಡನೆಯ ರೊಟ್ಟಿ ಹೋಯಿತು. ಬೆಣ್ಣೆ ಕರಗಿ ಅವಳ ಬೆರಳಿಗೆ ಇಳಿಯುವುದನ್ನು ನಾನು ಮೂರನೆಯ ರೊಟ್ಟಿ ಹಿಡಿದು ನೋಡಿದೆ. ಅಂದಿನಿಂದ ಪೇಪರು ಅವಳ ಕೈಗೆ ಹೋಯಿತು. ಅವಳು ಓದುವುದು, ಅಪ್ಪ ಮಗುವಿನ ಹಾಗೆ ಹಿಂದೆ ಹಿಂದೆ ಹೇಳುವುದು. ಬರೆಯಲು ಕೂತರೆ ಶೈಲಜಾ ನೈಫನ್ನು ಎನ್ ಅಕ್ಷರದಿಂದಲೇ ಶುರು ಮಾಡುತ್ತಿದ್ದಳು, ಅದನ್ನು ನಾನು ಎತ್ತಿ ತೋರಿಸಿದೆ. ಅಪ್ಪ ನಕ್ಕು, ಬರೆಯುವುದು ನೀನು ಅವಳಿಗೆ ಕಲಿಸು, ಓದುವುದು ಅವಳು ನಿನಗೆ ಕಲಿಸಲಿ ಎಂದು ತೀರ್ಪು ಕೊಟ್ಟ. ನನಗೆ ಬೇಕಾಗಿದ್ದದ್ದು ಅಂಥ ತೀರ್ಪಲ್ಲ. ಅವಳನ್ನು ಆದೋನಿಗೆ ಕಳಿಸಿಬಿಡುವ ತೀರ್ಪು.

ಸೈಲೆಂಟಿನ ಪ್ರಶ್ನೆ ಅಪ್ಪನನ್ನು ಬಿಡಲಿಲ್ಲ. ಮಿಲ್ಲಿಗೆ ಅಕ್ಕಿ ಒಯ್ಯಲು ಬರುತ್ತಿದ್ದ ಹೈಸ್ಕೂಲಿನ ಮೇಷ್ಟ್ರೊಬ್ಬರನ್ನು ಹಿಡಿದು ಕೇಳಿದನಂತೆ. ಆ ಸಂಜೆ ಕಾಲು ತೊಳೆದವನು ಅಂಗಿ ಕೂಡ ಬದಲಿಸದೆ ಅಡುಗೆಮನೆಗೇ ಬಂದ. ಬಂಗಾರ ಸಿಕ್ಕಿದವನ ಮುಖ.

"ಮೊದ್ಲು ಇಂಗ್ಲಿಷ್‌ನೋರೂ ಕೆ ಹಚ್ಚೇ ಅಂತಿದ್ರಂತ. ಬರಬರ್ತಾ ನಾಲಿಗಿ ಬಿಟ್ಟುಬಿಡ್ತು, ಕೈ ಬಿಡಲಿಲ್ಲ. ನಮ್ಮವ್ವನ ಎಡಿ ಇದ್ದಂಗ ನೋಡ್ರಿ. ಆಕಿ ಉಣ್ಣಾಕ ಬರಾಂಗಿಲ್ಲ, ಮಾತಾಡಾಂಗಿಲ್ಲ. ಹಂಗಂತ ಮೊದಲ ರೊಟ್ಟಿ ಇಡಾದು ಬಿಡತೀವೇನು?"

ರೊಟ್ಟಿ ಬಡಿಯುತ್ತಿದ್ದ ಅಮ್ಮನ ಕೈ ನಿಂತಿತು. ಅವಳು ಗೂಡಿನ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು, ಆಮೇಲೆ ಮತ್ತೆ ಬಡಿಯತೊಡಗಿದಳು. ಶೈಲಜಾ ಚಪ್ಪಾಳೆ ತಟ್ಟಿದಳು. ಅಪ್ಪನ ಮಾತು ನನಗೂ ಅರ್ಥವಾಗಿತ್ತು, ಅವನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಅರ್ಥವಾಗಿತ್ತು. ಆ ಕೆ ನಾನೇ. ಬರೆಯುವಾಗ ಇದ್ದೇನೆ, ಕರೆಯುವಾಗ ಇಲ್ಲ. ಅಜ್ಜಿಯ ಎಡೆ ಎಂದು ನನ್ನ ಹೆಸರನ್ನು ಆ ಗೂಡಿನಲ್ಲಿಟ್ಟು ಕೈಮುಗಿದಿದ್ದಾರೆ, ಉಣ್ಣಬೇಕಾದ ನಾನು ಕೆಳಗೆ ಕೂತಿದ್ದೇನೆ ಎನ್ನಿಸಿ ಅಂದು ಅರ್ಧ ಊಟಕ್ಕೇ ಎದ್ದುಹೋದೆ.

ಈ ಕಟ್ಟು ಶೈಲಜಾಗೆ ತಾಗುತ್ತಿರಲಿಲ್ಲ. ಮೊಮ್ಮಕ್ಕಳು ಅಜ್ಜಿಯ ಹೆಸರು ಹೇಳಬಹುದು. ಅವಳು ನನ್ನನ್ನು ಪಾರ್ವತಿ ಎಂದೇ ಕರೆಯುತ್ತಿದ್ದಳು, ಅದೂ ಸುಮ್ಮನೆ ಅಲ್ಲ. ಸಂಜೆ ನಾನು ಓಣಿಯಲ್ಲಿದ್ದರೆ ಹಿತ್ತಲಿನಿಂದ ಪಾರ್ವತೀ ಎಂದು ಕೂಗುತ್ತಿದ್ದಳು. ನಾನು ಓ ಎಂದರೂ ಮತ್ತೆ ಕೂಗುತ್ತಿದ್ದಳು. ಓಡಿ ಬಂದರೆ ಕೆಲಸವೇನೂ ಇರುತ್ತಿರಲಿಲ್ಲ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿರುತ್ತಿದ್ದಳು, ಅಮ್ಮ ನನ್ನ ಕಡೆ ಬೆನ್ನು ಮಾಡಿ ಪಾತ್ರೆ ತಿಕ್ಕುತ್ತಿರುತ್ತಿದ್ದಳು. ಇದು ಬೇಕೆಂದೇ ಮಾಡುವ ಅಣಕ ಎಂದು ನನಗೆ ಖಾತ್ರಿಯಾಯಿತು. ನಿನ್ನಮ್ಮನಿಂದ ಆಗದ್ದು ನನ್ನಿಂದ ಆಗುತ್ತದೆ ನೋಡು ಎಂದು ಅಮ್ಮನ ಎದುರೇ ತೋರಿಸುತ್ತಿದ್ದಾಳೆ. ಒಂದು ದಿನ ತಡೆಯಲಾರದೆ ಅವಳ ಮುಂದೆ ಹೋಗಿ ನಿಂತೆ.

"ನನ್ನ ಹೆಸರು ನಿನ್ ಬಾಯಾಗ ಬ್ಯಾಡ."

ಅವಳು ಅಮ್ಮನ ಬೆನ್ನಿನ ಕಡೆ ನೋಡಿದಳು. ಒಂದಕ್ಕೆ ಹತ್ತು ಮಾತಾಡುವವಳು ಸುಮ್ಮನಾದಳೆಂದರೆ ಸೋತಳು ಎಂದುಕೊಂಡೆ. ಮರುದಿನ ಸಂಜೆ ಹಿತ್ತಲಿನಿಂದ ಮತ್ತೆ ಅದೇ ಕೂಗು ಬಂತು.

ಆ ವರ್ಷದ ಕೊನೆಗೆ ಕಂಟೋನ್ಮೆಂಟಿನ ಒಂದು ಇಂಗ್ಲಿಷ್ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಓದುವ ಸ್ಪರ್ಧೆ ಇಟ್ಟರು. ನಮ್ಮ ಶಾಲೆಯಿಂದ ನಮ್ಮಿಬ್ಬರನ್ನು ಆರಿಸಿದರು. ಮಿಲ್ಲಿಗೆ ಭತ್ತದ ಲಾರಿಗಳು ಸಾಲುಗಟ್ಟಿದ್ದ ಕಾಲ, ಅಪ್ಪನಿಗೆ ಬಿಡುವಿಲ್ಲ. ಅಮ್ಮನೇ ನಮ್ಮನ್ನು ಕರೆದುಕೊಂಡು ಹೊರಟಳು. ಮೊದಲು ಸಿರಿಗೇರಿಯ ಮೇಲೆ ಹಾದು ಕುರುಗೋಡಿಗೆ, ಅಂದರೆ ಅಮ್ಮನ ತವರಿಗೆ. ಮಾರನೆಯ ದಿನ ಅಲ್ಲಿಂದ ಬಳ್ಳಾರಿಗೆ. ಕುರುಗೋಡಿನಲ್ಲಿ ಬಸ್ಸಿಳಿದದ್ದೇ ಅಮ್ಮ ತಲೆಯ ಮೇಲಿನ ಸೆರಗು ಜಾರಲು ಬಿಟ್ಟಳು. ಆ ಬಂಡೆಗುಡ್ಡಗಳ ಊರಿನಲ್ಲಿ ಅವಳ ನಡಿಗೆಯೇ ಬೇರೆ, ನಗುವೇ ಬೇರೆ. ಕಟ್ಟೆಯ ಮೇಲೆ ಕೂತಿದ್ದ ಅವಳ ತಾಯಿ, ನನ್ನ ಇನ್ನೊಬ್ಬ ಅಜ್ಜಿ, ನನ್ನನ್ನು ಕಂಡೊಡನೆ ಎಂದಿನ ತಮಾಷೆ ತೆಗೆದಳು. ಮಗಳ ಅತ್ತೆಯ ಹೆಸರಿನವಳಾದ್ದರಿಂದ ಅವಳಿಗೆ ನಾನು ಬೀಗತಿ.

"ಬಂದ್ಲು ನೋಡ್ರಿ ನಮ್ಮ ಬೀಗತಿ. ಬೀಗತಿಗೆ ಮೊದ್ಲು ನೀರು ಕೊಡ್ರಿ, ಇಲ್ಲಂದ್ರ ಮುನಿಸ್ಕೊಂತಾಳ."

ಮನೆಯವರೆಲ್ಲ ನಕ್ಕರು, ಅಮ್ಮನೂ ನಕ್ಕಳು. ಬೀಗತಿಗೆ ಚೊಂಬಿನಲ್ಲಿ ನೀರು ಬಂತು. ಆದರೆ ನನ್ನ ತಲೆಯಲ್ಲಿ ಬೇರೆ ಆಸೆ ಓಡುತ್ತಿತ್ತು. ಇಲ್ಲಿ ಗೂಡಿಲ್ಲ, ಚರಿಗೆ ಇಲ್ಲ, ಅಪ್ಪನೂ ಇಲ್ಲ. ಸೆರಗು ಜಾರಿದ ಹಾಗೆ ಹೆಸರೂ ಜಾರಬಹುದು. ಮಧ್ಯಾಹ್ನ ಅಂಗಳದಲ್ಲಿ ಕೂರಿಸಿಕೊಂಡು ಅಮ್ಮ ನನ್ನ ತಲೆ ಬಾಚುತ್ತಿದ್ದಾಗ ಕೇಳಿಯೇಬಿಟ್ಟೆ.

"ಅಮ್ಮಾ, ಇಲ್ಲಿ ಯಾರಿಲ್ಲ. ಒಂದ್ಸಲ ನನ್ನ ಹೆಸರು ಅನ್ನು."

ಬಾಚಣಿಗೆ ಕೂದಲಲ್ಲೇ ನಿಂತಿತು. ಆಮೇಲೆ ಜಡೆಯನ್ನು ಬೇಕಾದದ್ದಕ್ಕಿಂತ ಬಿಗಿಯಾಗಿ ಹೆಣೆದಳು.

"ಬಾಯಿ ತಿರುಗಾಂಗಿಲ್ಲ ಅಮ್ಮಾಯಿ."

ನನ್ನ ಜಡೆ ಮುಗಿಯಿತು. ಮರುಗಳಿಗೆ ಅದೇ ಬಾಯಿ ಶೈಲಜಾ, ನೀನು ಬಾ ಇನ್ನ ಎಂದು ಸಲೀಸಾಗಿ ತಿರುಗಿತು. ಅವಳು ಕುಣಿಯುತ್ತ ಬಂದು ನನ್ನ ಜಾಗದಲ್ಲಿ, ನನ್ನ ಅಮ್ಮನ ಮೊಣಕಾಲುಗಳ ನಡುವೆ ಕೂತಳು. ಅವಳ ಕೂದಲನ್ನು ಬೇರು ಸಮೇತ ಕೀಳಬೇಕೆನ್ನಿಸಿತು. ಕೀಳಲಿಲ್ಲ, ಹಠ ಕಟ್ಟಿದೆ. ನಾಳೆ ಬಳ್ಳಾರಿಯಲ್ಲಿ ನನ್ನ ಹೆಸರು ಕೇಳಿಯೇ ಕೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಅಮ್ಮನೇ ಹೇಳಬೇಕು, ಇಲ್ಲದಿದ್ದರೆ ಸ್ಪರ್ಧೆಯೇ ಬೇಡ.

ಕಂಟೋನ್ಮೆಂಟಿನ ಅಗಲವಾದ ರಸ್ತೆಗಳಲ್ಲಿ ಶೈಲಜಾ ಮುಂದೆ, ಅಮ್ಮ ನಡುವೆ, ನಾನು ಹಿಂದೆ. ಇದು ನಮ್ಮ ಅಂಗಡಿ, ಇದು ನಮ್ಮ ಪೋಸ್ಟಾಫೀಸು ಎಂದು ಇಡೀ ಕಂಟೋನ್ಮೆಂಟನ್ನು ಅವಳು ಅಮ್ಮನಿಗೆ ಪರಿಚಯಿಸುತ್ತ ನಡೆದಳು. ಶಾಲೆಯಲ್ಲಿ ಎತ್ತರದ ಚಾವಣಿಯ ಒಂದು ಕೋಣೆ, ಗೋಡೆ ತುಂಬ ಕಪ್ಪು ಹಲಗೆ. ಇಸ್ತ್ರಿ ಸೀರೆಯ ಟೀಚರೊಬ್ಬರು ಬಂದವರ ಹೆಸರು ಬರೆದುಕೊಳ್ಳುತ್ತಿದ್ದರು. ಹಳ್ಳಿ ಮಕ್ಕಳು ಅವರ ಇಂಗ್ಲಿಷಿಗೆ ಹೆದರಿ ಬಾಯೊಳಗೇ ಗುನುಗುತ್ತಿದ್ದುದರಿಂದ ಜೊತೆಗೆ ಬಂದ ದೊಡ್ಡವರೇ ಹೆಸರು ಹೇಳಿ ಎಂದರು. ಅಮ್ಮ ಶೈಲಜಾಳ ಭುಜ ಮುಟ್ಟಿ ಈಕಿ ಶೈಲಜಾ ರೀ ಎಂದಳು. ಟೀಚರು ನನ್ನನ್ನು ತೋರಿಸಿ, ಈ ಹುಡುಗಿ ಎಂದರು. ಅಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಹೇಳು ಎಂದು ಅವಳು ಬೆನ್ನು ತಿವಿದಳು. ನಾನು ಹಲ್ಲು ಕಚ್ಚಿ ನಿಂತೆ.

"ನಮ್ಮತ್ತಿ ಹೆಸರು ರೀ," ಎಂದಳು ಅಮ್ಮ, ಬಹಳ ಮೆಲ್ಲಗೆ.

"ನಿಮ್ಮ ಅತ್ತೆ ಹೆಸರು ಬೇಡಮ್ಮ. ಹುಡುಗಿ ಹೆಸರು ಹೇಳಿ."

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಶೈಲಜಾ ಬಾಯಿ ತೆರೆದಳು. ನಾನು ಅವಳ ಬೂಟನ್ನು ಬಲವಾಗಿ ತುಳಿದೆ, ಅವಳು ಬಾಯಿ ಮುಚ್ಚಿದಳು. ಅಮ್ಮ ಅದನ್ನು ನೋಡಿದಳು. ನಾನು ಏನು ಮಾಡುತ್ತಿದ್ದೇನೆ ಎಂದು ಆಗ ಅವಳಿಗೆ ತಿಳಿಯಿತು. ಹೆಸರಿಲ್ಲದೆ ಕೂರಿಸಲಾಗದು, ಪಕ್ಕಕ್ಕೆ ನಿಲ್ಲಿ ಎಂದು ಟೀಚರು ಮುಂದಿನವರ ಕಡೆ ತಿರುಗಿದರು. ಅಮ್ಮ ಪಕ್ಕಕ್ಕೆ ನಿಲ್ಲಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು, ಯಾರನ್ನೂ ಕೇಳದೆ, ನೇರ ಕಪ್ಪು ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ಕೈಗೆ ತೆಗೆದುಕೊಂಡಳು. ಕುರುಗೋಡಿನ ಶಾಲೆಯಲ್ಲಿ ನಾಲ್ಕನೆಯವರೆಗೆ ಓದಿದ್ದಳೆಂದು ಕೇಳಿದ್ದೆ, ಬರೆದದ್ದನ್ನು ಕಂಡಿರಲಿಲ್ಲ. ಪಾ ಬರೆದಳು. ವ ಬರೆದಳು, ತಿ ಬರೆದಳು. ಕೊನೆಗೆ ಹಿಂದಕ್ಕೆ ಬಂದು ವ ಅಕ್ಷರದ ಪಕ್ಕದಲ್ಲಿ ಅರ್ಕಾವೊತ್ತು ಹಾಕಿದಳು. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆಂದು ಅಪ್ಪ ಜಂಬ ಕೊಚ್ಚುತ್ತಿದ್ದ. ನನ್ನ ಹೆಸರಿನಲ್ಲೇ ಆಮೇಲೆ ಬರೆದು ಮೊದಲು ಓದುವ ಅಕ್ಷರವಿದೆ ಎಂದು ಅವತ್ತು ಅಮ್ಮನ ಕೈ ನೋಡುತ್ತ ತಿಳಿದುಕೊಂಡೆ. ರೊಟ್ಟಿಯಷ್ಟು ದುಂಡಗಿನ, ದೊಡ್ಡ ದೊಡ್ಡ ಅಕ್ಷರಗಳು. ಕೈ ಎಲ್ಲೂ ತಡವರಿಸಲಿಲ್ಲ.

ಟೀಚರು ಪಾರ್ವತಿ ಎಂದು ಓದಿದರು. ಅಮ್ಮ ಹೂಂ ರೀ ಎಂದಳು. ಅಷ್ಟೇ. ನನಗೆ ಬೇಕಾಗಿದ್ದದ್ದು ಟೀಚರ ಬಾಯಿಂದ ಬಂತು, ಅಮ್ಮನ ಬಾಯಿಂದ ಬಂದದ್ದು ಹೂಂ. ಸ್ಪರ್ಧೆ ಶುರುವಾಗುವ ಮೊದಲು ಯಾರೋ ಬಂದು ಹಲಗೆಯನ್ನು ಡಸ್ಟರಿನಿಂದ ಒರೆಸಿಬಿಟ್ಟರು. ನನಗೆ ಕೊಟ್ಟ ಹಾಳೆಯಲ್ಲಿ ಏನಿತ್ತು, ನಾನು ಹೇಗೆ ಓದಿದೆ, ಒಂದೂ ನೆನಪಿಲ್ಲ. ಬಹುಮಾನ ಶೈಲಜಾಗೆ ಬಂತು. ಅವಳನ್ನು ಬಿಟ್ಟು ಇನ್ನೆಲ್ಲಿಗೆ ಹೋದೀತು? ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಅಮ್ಮನ ಹೆಗಲಿಗೆ ಒರಗಿ ನಿದ್ದೆ ಹೋದಳು, ಬಹುಮಾನದ ಪೆನ್ನಿನ ಡಬ್ಬಿ ಅಮ್ಮನ ಮಡಿಲಲ್ಲಿತ್ತು. ಅಮ್ಮನ ಬೆರಳುಗಳಲ್ಲಿ ಇನ್ನೂ ಸುಣ್ಣದ ಪುಡಿ ಅಂಟಿಕೊಂಡಿತ್ತು. ನಾನು ಊರು ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಶೈಲಜಾ ಆ ಬೇಸಿಗೆಯಲ್ಲಿ ತನ್ನ ಅಪ್ಪ ಅಮ್ಮನ ಹತ್ತಿರ ವಾಪಸು ಹೋದಳು. ಅವಳ ಮೇಲಿನ ಛಲಕ್ಕೇ ನಾನು ಇಂಗ್ಲಿಷ್ ಓದಿದೆ ಎಂದರೆ ಸುಳ್ಳಲ್ಲ. ಓದಿ, ಬಳ್ಳಾರಿಯ ಕಾಲೇಜಿನಲ್ಲಿ ಅದನ್ನೇ ಕಲಿಸಿ ನಿವೃತ್ತಳಾದೆ. ಬರೆಯುವುದೊಂದು ಓದುವುದೊಂದು ಯಾಕೆ ಮೇಡಂ ಎಂದು ಪ್ರತಿ ವರ್ಷವೂ ಹುಡುಗರು ಕೇಳುತ್ತಿದ್ದರು. ನಾನು ಉತ್ಸಾಹದಿಂದ ಹೇಳುತ್ತಿದ್ದೆ. ನೈಫಿನ ಕೆ ಒಂದು ಕಾಲಕ್ಕೆ ನಿಜಕ್ಕೂ ನಾಲಿಗೆಯ ಮೇಲಿತ್ತು, ನೈಟಿನ ನಡುವಿನ ಅಕ್ಷರಗಳು ಗಂಟಲಲ್ಲಿ ಉಜ್ಜುತ್ತಿದ್ದವು. ಅಚ್ಚಿನ ಮೊಳೆ ಬಂದು ಬರವಣಿಗೆಯನ್ನು ನಿಲ್ಲಿಸಿತು, ನಾಲಿಗೆ ನಿಲ್ಲದೆ ಮುಂದೆ ಹೋಯಿತು. ಫ್ರೆಂಚಿನಿಂದ ಬಂದ ಪದಗಳು ತವರಿನ ಸೀರೆಯಲ್ಲೇ ಉಳಿದವು. ಡೆಟ್ ಎಂಬ ಪದಕ್ಕೆ ಲ್ಯಾಟಿನ್ ಕುಲ ತೋರಿಸಬೇಕೆಂದು ಪಂಡಿತರು ಬಿ ಅಂಟಿಸಿದರು. ಐಲ್ಯಾಂಡಿನ ಎಸ್ಸಿಗಂತೂ ಆ ಮನೆಯ ಸಂಬಂಧವೇ ಇರಲಿಲ್ಲ, ತಪ್ಪು ತಿಳಿದು ಸಾಲಿನಲ್ಲಿ ಕೂರಿಸಿದರು, ಅದು ಹಾಯಾಗಿ ಕೂತೇಬಿಟ್ಟಿತು. ಆ ಎಸ್ಸನ್ನು ಕಂಡಾಗಲೆಲ್ಲ ನನಗೆ ಶೈಲಜಾ ನೆನಪಾಗುತ್ತಿದ್ದಳು. ನೇಮ್ ಎಂಬುದನ್ನು ಹಿಂದೆ ಹೆಚ್ಚುಕಡಿಮೆ ನಾಮ ಎಂದೇ ಅನ್ನುತ್ತಿದ್ದರು ಎಂದು ಓದಿದ ದಿನ ಅಪ್ಪ ಇರಬೇಕಿತ್ತು ಎನ್ನಿಸಿತು. ಅವನ ನಾಮೆ ಅಷ್ಟೇನೂ ತಪ್ಪಾಗಿರಲಿಲ್ಲ. ಈಗಿನ ಹುಡುಗರು ಫೋನಿನಲ್ಲಿ ನೈಟಿಗೆ ನಾಲ್ಕೇ ಅಕ್ಷರ ಸಾಕು ಎನ್ನುತ್ತಾರೆ. ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆ ನಾನು ಕರುಣೆ ತೋರಿಸಿದ್ದಿಲ್ಲ. ಕೂಗದ ಅಕ್ಷರವನ್ನು ಬಿಟ್ಟು ಬರೆದರೆ ನನಗೆ ಮೈ ಉರಿಯುತ್ತಿತ್ತು.

ಅಮ್ಮ ಈಗ ಬಳ್ಳಾರಿಯಲ್ಲಿ ನನ್ನ ಜೊತೆ ಇದ್ದಾಳೆ. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ, ಬಾಯಿ ಚುರುಕು. ನಾನು ಇಂದಿಗೂ ಅಮ್ಮಾಯಿ. ಶೈಲಜಾಳ ಮಗನಿಗೆ ಕುಡತಿನಿಯಲ್ಲಿ ಕರೆಂಟಿನ ಕೆಲಸ, ಅವಳೂ ಅಲ್ಲೇ ಇದ್ದಾಳೆ. ತಿಂಗಳಿಗೊಮ್ಮೆಯಾದರೂ ಬರುತ್ತಾಳೆ, ಬಂದೊಡನೆ ಅಮ್ಮನ ಮುಖ ಅರಳುತ್ತದೆ, ಶೈಲಜಾ ಬಂದ್ಯಾ ಎಂದು ಅದೇ ಬಾಯಿ ತುಂಬ ಕರೆಯುತ್ತಾಳೆ, ನನಗೆ ಅದೇ ಉರಿ ಹೊಟ್ಟೆಯಲ್ಲಿ ಎದ್ದು ಕೂಡುತ್ತದೆ. ವಯಸ್ಸಾದರೆ ಹೋಗುತ್ತದೆ ಎನ್ನುವವರಿಗೆ ಹೊಟ್ಟೆಕಿಚ್ಚಿನ ಪರಿಚಯವಿಲ್ಲ. ಮೊನ್ನೆ ಅವಳು ಬಂದಾಗ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅವರಿಬ್ಬರೂ ಹೊರಗೆ ಕೂತು ಮಾತಾಡುತ್ತಿದ್ದರು. ಮಂದ ಕಿವಿಯವರಿಗೆ ತಮ್ಮ ಪಿಸುಮಾತು ಎಷ್ಟು ಜೋರೆಂದು ಗೊತ್ತಾಗುವುದಿಲ್ಲ. ಅಮ್ಮನ ಮಾತು ನನಗೆ ಒಲೆಯವರೆಗೂ ಕೇಳಿಸಿತು.

"ಶೈಲಜಾ, ಆಕಿನ್ನ ಕರಿ. ಹೆಸರು ಹಿಡದು ಕರಿ, ಜೋರಾಗಿ. ಮೊದ್ಲೆಲ್ಲಾ ಕರೀತಿದ್ದೆಲ್ಲ, ಹಂಗ."

"ಪಾರ್ವತೀ," ಎಂದು ಶೈಲಜಾ ಕೂಗಿದಳು.

ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ. ಅಮ್ಮ ಕಣ್ಣು ಮುಚ್ಚಿ, ಕೂಗು ಬಂದ ಕಡೆಗೆ ಒಳ್ಳೆಯ ಕಿವಿಯನ್ನು ಕೊಟ್ಟು ಕೂತಿದ್ದಳು. ತುಟಿ ಬಿಗಿಯಾಗಿ ಮುಚ್ಚಿತ್ತು. ಶೈಲಜಾ ನನ್ನನ್ನು ಕಂಡು ದನಿ ತಗ್ಗಿಸಿದಳು.

"ಹಿತ್ತಲದಾಗೂ ಇದಾ ಆಗಿತ್ತು. ಪಾತ್ರಿ ತಿಕ್ಕಾಕ ಕುಂತು, ಇನ್ನೊಮ್ಮಿ ಕರಿ, ಇನ್ನೊಮ್ಮಿ ಕರಿ ಅಂತಿದ್ಲು ದೊಡ್ಡಮ್ಮ. ನಿನಗ ಹೇಳಬಾರ್ದು ಅಂತ ಆಣಿ ಹಾಕಿಸಿಕೊಂಡಿದ್ಲು."

ನಾನು ಒಳಗೆ ಬಂದೆ. ಇಷ್ಟು ವರ್ಷ ಇದು ಇವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಎಂದು ಮೊದಲು ಹೊಟ್ಟೆ ಉರಿಯಿತು. ಅಮ್ಮನ ಮನಸ್ಸಿನ ಆ ಮೂಲೆಯಲ್ಲೂ ನನಗಿಂತ ಮೊದಲೇ ಹೋಗಿ ಕೂತಿದ್ದಾಳೆ. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಹೊರಗೆ ಅಮ್ಮ ಕಣ್ಣು ತೆರೆದಿರಬೇಕು, ಆಕಿಗೆ ಕೇಳಿಸಲಿಲ್ಲೇನು, ಇನ್ನೊಮ್ಮಿ ಕರಿ ಎಂದಳು. ಶೈಲಜಾ ಮತ್ತೆ ಕೂಗಿದಳು. ಓ ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಓಗೊಟ್ಟರೆ ಕರೆಯುವುದು ನಿಂತುಹೋಗುತ್ತದೆ. ರೊಟ್ಟಿ ಹೊತ್ತಿದ ವಾಸನೆ ಬರುತ್ತಿದ್ದರೂ, ಅಮ್ಮ ಮೂರನೆಯ ಸಲ ಕರೆಸುತ್ತಾಳೇನೋ ಎಂದು ಸುಮ್ಮನೆ ಕಾದೆ.